ಎರಡನೆಯ ಬೆರಳು

ನನ್ನ ತಮ್ಮ ಹಾರ್ಲನ್ ಕುಳ್ಳ. ಈ ಮಾತನ್ನು ನಾನು ಆಡಬಹುದು, ಊರಿನವರು ಆಡಿದರೆ ನನಗೆ ಮೈ ಉರಿಯುತ್ತದೆ. ಐವತ್ತು ದಾಟಿದ್ದರೂ ಮರ ಕೊಯ್ಯುವ ಮಿಲ್ಲಿನಲ್ಲಿ ಇಬ್ಬರ ಕೆಲಸವನ್ನು ಒಬ್ಬನೇ ಮಾಡುತ್ತಾನೆ. ಬೇಲಿ ಮುರಿದು ಬಂದ ಗೂಳಿಯ ಎದುರು ಟೋಪಿ ಬೀಸುತ್ತ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಥವನು ನೆಲ್ಡಾ ಪ್ರುಯಿಟ್ ಎದುರಿಗೆ ಬಂದಳೆಂದರೆ ನಾಲಿಗೆ ನುಂಗಿಕೊಂಡವನ ಹಾಗೆ ನಿಲ್ಲುತ್ತಾನೆ.

ನೆಲ್ಡಾ ಗಂಡ ತೀರಿಕೊಂಡ ಮೇಲೆ ತವರಾದ, ಆರ್ಕನ್ಸಾದ ನಮ್ಮ ಸೀಡರ್ ಫೋರ್ಕಿಗೆ ವಾಪಸು ಬಂದು ಎರಡು ವರ್ಷವಾಗಿತ್ತು. ಅವಳ ಮನೆ ಮಿಲ್ಲಿಗೆ ಹೋಗುವ ರಸ್ತೆಯ ಪಕ್ಕದಲ್ಲೇ, ರಸ್ತೆಗಿಂತ ಕೊಂಚ ತಗ್ಗಿನಲ್ಲಿದೆ. ಬೆಳಿಗ್ಗೆ ಕಾಫಿ ಹಿಡಿದು ಅವಳು ಜಗಲಿಯ ತೂಗುಕುರ್ಚಿಯಲ್ಲಿ ಕೂರುತ್ತಾಳೆ. ಅದೇ ಹೊತ್ತಿಗೆ ಹಾರ್ಲನ್ ತನ್ನ ನೀಲಿ ಪಿಕಪ್ಪಿನಲ್ಲಿ ಅದರ ಮುಂದೆ ಹಾದುಹೋಗುತ್ತಾನೆ. ಅವನು ಸ್ಟಿಯರಿಂಗಿನ ಮೇಲಿಂದ ತೋರುಬೆರಳು ಎತ್ತುತ್ತಾನೆ. ಅವಳು ಕಪ್ಪಿನ ಮೇಲಿಂದ ತೋರುಬೆರಳು ಎತ್ತುತ್ತಾಳೆ. ಎರಡು ವರ್ಷದ ಪ್ರೇಮಪ್ರಕರಣ ಅಂದರೆ ಇಷ್ಟೇ. ಇದಕ್ಕಿಂತ ಜೋರಾಗಿ ನನ್ನ ಗ್ಯಾರೇಜಿನ ಹಿಂದಿನ ಆಮೆಗಳು ಸಂಸಾರ ಹೂಡಿದ್ದವು.

ಬೆರಳಿನ ವಿಷಯ ಹಗುರವಾಗಿ ತಿಳಿಯಬೇಡಿ. ನಮ್ಮ ಕಡೆ ದಾರಿಯಲ್ಲಿ ಎದುರಾದವರಿಗೆ ಬೆರಳು ಎತ್ತದೆ ಹೋಗುವವನು ಒಂದೋ ಪರವೂರಿನವನು, ಇಲ್ಲ ಸತ್ತವನು. ಒಂದು ಬೆರಳು ಎಲ್ಲರಿಗೂ ಸಲ್ಲುತ್ತದೆ, ದ್ವೇಷದವರಿಗೂ ಕೂಡ. ಇಡೀ ಕೈ ಎತ್ತಿದರೆ ಮುಂದೆ ರಸ್ತೆಯಲ್ಲಿ ದನ ನಿಂತಿದೆ ಎಂದರ್ಥ. ಎರಡು ಬೆರಳು ಮನೆಯವರಿಗೆ. ಮನೆಯವಳಲ್ಲದ ಹೆಂಗಸಿಗೆ ಗಂಡಸು ಎರಡು ಬೆರಳು ಎತ್ತಿದನೆಂದರೆ ಅವಳನ್ನು ಮನೆಯವಳನ್ನಾಗಿ ಮಾಡಿಕೊಳ್ಳುವ ಮನಸ್ಸಿದೆ ಎಂದು ಲೆಕ್ಕ. ನನ್ನ ಗಂಡ ಡ್ಯೂಯಿ ನನಗೆ ಎರಡು ಬೆರಳು ಎತ್ತಿದ ದಿನವೇ ನಮ್ಮಪ್ಪ ಬಂದೂಕು ಒರೆಸುವುದಕ್ಕೆ ಕೂತಿದ್ದ. ಆಮೇಲೆ ಮದುವೆಗೆ ಹಂದಿ ಸುಟ್ಟವನೂ ಅವನೇ. ಡ್ಯೂಯಿ ಈಗಿಲ್ಲ, ಗ್ಯಾರೇಜು ನನ್ನದು.

ಹಾರ್ಲನ್‌ಗೆ ಆ ಎರಡನೆಯ ಬೆರಳು ಏಳುತ್ತಿರಲಿಲ್ಲ. ಊಟದ ಮೇಜಿನ ಮೇಲೆ ತಟ್ಟೆಯ ಅಂಚು ಹಿಡಿದು ಅಭ್ಯಾಸ ಮಾಡುವುದನ್ನು ನಾನು ಎಷ್ಟೋ ಸಲ ನೋಡಿ ನೋಡದ ಹಾಗೆ ಎದ್ದು ಹೋಗಿದ್ದೇನೆ.

ಹೀಗಿರುವಾಗ ಒಂದು ಶುಕ್ರವಾರ ಗ್ಯಾರೇಜಿಗೆ ಬಂದು, ಟೋಪಿ ತಿರುಗಿಸುತ್ತ ನಿಂತ.

"ಅಕ್ಕ, ಗಾಡಿ ಎತ್ತರಿಸ್ಬೇಕು. ಆರಿಂಚು. ಟೈರೂ ದೊಡ್ಡದು ಹಾಕು, ಮೂವತ್ತೈದು ಇಂಚಿಂದು."

"ಯಾಕೋ, ಪ್ರಳಯ ಬರುತ್ತಂತಾ?"

"ಮಿಲ್ ದಾರೀಲಿ ಕೆಸರು ಜಾಸ್ತಿ ಆಗಿದೆ."

"ಇಪ್ಪತ್ತು ವರ್ಷದಿಂದ ಅದೇ ಕೆಸರು, ಅದೇ ಗಾಡಿ, ಅದೇ ನೀನು. ನಿಜ ಹೇಳು."

ಅವನು ನೆಲ ನೋಡಿದ. ಆಮೇಲೆ ಗೋಡೆ ನೋಡಿದ. "ಕ್ಲೋವಿಸ್ ಹೇಳ್ದ," ಎಂದ.

ಕ್ಲೋವಿಸ್ ಎಂದರೆ ದನದ ಮೇವಿನ ಅಂಗಡಿಯವನು. ಊರಿನ ಬಾಯಿ. ನೆಲ್ಡಾ ಮಾಡುವ ಪೆಕಾನ್ ಪೈ ಎಂಬ ಸಿಹಿಯ ಮೇಲೂ, ಪೈ ಮಾಡುವವಳ ಮೇಲೂ ಅವನಿಗೊಂದು ಕಣ್ಣಿತ್ತು ಎಂಬುದು ಹಾರ್ಲನ್‌ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಏನಂದ?"

"ಚರ್ಚ್ ಊಟದಲ್ಲಿ ನೆಲ್ಡಾ ಅಂದ್ಲಂತೆ, ಗಂಡಸು ಅಂದ್ರೆ ಒಂಚೂರು ಎತ್ತರ ಇರ್ಬೇಕು ಅಂತ. ನಾನೆಲ್ಲಿ ಎತ್ತರ ಆಗ್ಲಿ ಅಕ್ಕ? ಗಾಡಿನಾದ್ರೂ ಆಗ್ಲಿ."

ನನಗೆ ನಗು ಉಕ್ಕಿ ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ, ನಮ್ಮನೆಯಲ್ಲಿ ಅದು ಐವತ್ತು ದಾಟಿದರೂ ಮುಗಿದಿರಲಿಲ್ಲ. ಬೇಡವೆಂದರೆ ಇನ್ನೂ ಕುಗ್ಗಿಹೋಗುತ್ತಾನೆ. ಮಾಡೋಣ ಎಂದೆ.

ಮುಂದಿನ ವಾರ ಸಾಮಾನು ಬಂತು. ಹಳೆಯ ಕಾಲದ ಗಾಡಿ, ಮುಂದೆಯೂ ಹಿಂದೆಯೂ ಪಟ್ಟಿ ಸ್ಪ್ರಿಂಗು. ಚಾಸಿಯನ್ನು ಕಬ್ಬಿಣದ ಆಸರೆಗಳ ಮೇಲೆ ನಿಲ್ಲಿಸಿ, ಚಕ್ರ ಕಳಚಿ, ಆಕ್ಸಲ್ಲನ್ನು ಜಾಕಿನ ಮೇಲೆ ಇಳಿಬಿಟ್ಟೆವು. ಸ್ಪ್ರಿಂಗನ್ನು ಹಿಡಿದಿದ್ದ ಬೋಲ್ಟುಗಳು ತುಕ್ಕು ಹಿಡಿದು ಕಬ್ಬಿಣಕ್ಕೆ ಕಬ್ಬಿಣ ಬೆಸೆದುಕೊಂಡಿದ್ದವು. ಎಣ್ಣೆ ಕುಡಿಸಿದೆ, ಬೈದೆ, ಬೆಂಕಿ ಇಟ್ಟೆ. ಮೂರನೆಯದಕ್ಕೆ ಸಡಿಲವಾದವು. ಹಾರ್ಲನ್ ನಾನು ಕೇಳಿದ ಸ್ಪ್ಯಾನರು ಕೊಡುತ್ತಿದ್ದ, ಆಗಾಗ ಕೇಳದ್ದನ್ನೂ ಕೊಡುತ್ತಿದ್ದ.

"ಬ್ರೇಕಿನ ಪೈಪು ಉದ್ದದ್ದು ತಂದಿದೀಯ?" ಎಂದು ಕೇಳಿದ.

"ತರ್ದೆ ಇರ್ತೀನಾ? ಗಾಡಿ ಮೇಲೆ ಹೋಗಿ ಪೈಪು ಕೆಳಗೇ ಇದ್ರೆ ಎಳೆದು ಹರೀತದೆ. ನೀನು ನೆಲ್ಡಾ ಜಗಲಿ ಮೇಲೇ ಹೋಗಿ ನಿಲ್ತೀಯ."

"ಅಷ್ಟು ಅದೃಷ್ಟ ಎಲ್ಲಿ," ಎಂದ.

ಹೊಸ ಸ್ಪ್ರಿಂಗು ಕೂತಿತು, ಉದ್ದನೆಯ ಶಾಕ್ ಅಬ್ಸಾರ್ಬರು ಬಂತು, ಸ್ಟಿಯರಿಂಗಿನ ತೋಳು ಬದಲಾಯಿತು. ಬೋಲ್ಟುಗಳನ್ನೆಲ್ಲ ಕೈಬಿಗಿತಕ್ಕೆ ನಿಲ್ಲಿಸಿದೆ. ಹಾರ್ಲನ್ ಪೂರ್ತಿ ಬಿಗಿಯಲು ಹೋದ, ಕೈ ತಳ್ಳಿದೆ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ಸ್ಪ್ರಿಂಗು ತಿರುಚಿಕೊಂಡೇ ಉಳಿಯುತ್ತದೆ. ಚಕ್ರ ನೆಲ ಮುಟ್ಟಬೇಕು, ಗಾಡಿಯ ಭಾರ ಅದರ ಮೇಲೆ ಕೂರಬೇಕು, ಕೊನೆಯ ಬಿಗಿತ ಆಮೇಲೆ. ಇದನ್ನು ಡ್ಯೂಯಿ ನನಗೆ ಮದುವೆಗೆ ಮುಂಚೆಯೇ ಕಲಿಸಿದ್ದ.

ಹೊಸ ಟೈರುಗಳ ಮೇಲೆ ಇಳಿಸಿದಾಗ ಪಿಕಪ್ಪು ಗ್ಯಾರೇಜಿನ ದೀಪಕ್ಕೆ ತಲೆ ಕೊಟ್ಟು ನಿಂತಿತು. ಚಂದವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಹಳೆಯ ಟೈರು ನಾಲ್ಕನ್ನೂ ರಿಮ್ ಸಮೇತ ಹೊರಗೆ ಗೋಡೆಗೆ ಒರಗಿಸಿದೆ. ಅದರಲ್ಲೊಂದರ ಪಕ್ಕದ ಅಂಚಿನ ಮೇಲೆ ಹಳದಿ ಬಣ್ಣ ಚೆಲ್ಲಿತ್ತು. ಚರ್ಚಿನ ಬೇಲಿಗೆ ಬಣ್ಣ ಹಚ್ಚುವಾಗ, ನೆಲ್ಡಾ ನಿಂಬೆ ಶರಬತ್ತು ತಂದುಕೊಟ್ಟಳೆಂದು ಗಾಬರಿಯಾಗಿ ಹಾರ್ಲನ್ ಡಬ್ಬಿ ಒದ್ದಿದ್ದ. ಬಣ್ಣ ಕೋಳಿಯ ಆಕಾರದಲ್ಲಿ ಒಣಗಿತ್ತು. ಅವನು ಒರೆಸಲು ಬಿಟ್ಟಿರಲಿಲ್ಲ.

"ಹತ್ತು ನೋಡೋಣ," ಎಂದೆ.

ಹಾರ್ಲನ್ ಬಾಗಿಲು ತೆಗೆದ. ಸೀಟು ಅವನ ಎದೆಮಟ್ಟಕ್ಕಿತ್ತು. ಒಂದು ಸಲ ಹಾರಿದ, ಜಾರಿದ. ಮತ್ತೊಮ್ಮೆ ಹಾರಿದ, ಹೊಟ್ಟೆಯ ಮೇಲೆ ನೇತಾಡಿದ. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ, ಬಾಯಿಂದಲೂ ಅಂದೆನೆಂದು ಕಾಣುತ್ತದೆ, ಅವನು ದುರುಗುಟ್ಟಿ ನೋಡಿದ. ಕೊನೆಗೆ ಹಾಲಿನ ಬಾಟಲಿ ಇಡುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬೋರಲು ಹಾಕಿದ, ಅದಕ್ಕೆ ಹಗ್ಗ ಕಟ್ಟಿದ. ಬುಟ್ಟಿಯ ಮೇಲೆ ಕಾಲಿಟ್ಟು ಒಳಗೆ ಹತ್ತಿ, ಹಗ್ಗ ಎಳೆದು ಬುಟ್ಟಿಯನ್ನೂ ಒಳಗೆ ಸೇದಿಕೊಂಡ, ಬಾವಿಯಿಂದ ಕೊಡ ಸೇದುವ ಹಾಗೆ.

"ಸ್ಪೀಡಿನ ಮುಳ್ಳು ನಂಬ್ಬೇಡ," ಎಂದು ಕೆಳಗಿನಿಂದ ಕೂಗಿದೆ. "ಚಕ್ರ ದೊಡ್ಡದಾಯ್ತು, ಮುಳ್ಳು ಕಮ್ಮಿ ತೋರಿಸ್ತದೆ."

"ನಾಳೆ ನಿಧಾನಕ್ಕೇ ಹೋಗ್ತೀನಿ," ಎಂದ ಹಾರ್ಲನ್. ಎಲ್ಲಿ ನಿಧಾನ ಎಂದು ನಾನು ಕೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನಕ್ಕೇ ಮಿಲ್ಲಿನಿಂದ ಗ್ಯಾರೇಜಿಗೆ ಬಂದ. ಬುಟ್ಟಿ ಇಳಿಸಿ, ತಾನೂ ಇಳಿದು, ಅದೇ ಬುಟ್ಟಿಯ ಮೇಲೆ ಕೂತುಬಿಟ್ಟ.

"ಎತ್ದೆ ಅಕ್ಕ."

"ಏನು?"

ಅವನು ಎರಡು ಬೆರಳು ತೋರಿಸಿದ.

ನನ್ನ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟೆ. "ನೆಲ್ಡಾ?"

"ಕಪ್ ಹಿಡ್ಕೊಂಡು ಕೂತಿದ್ಲು. ಅಲ್ಲಾಡ್ಲಿಲ್ಲ. ಒಂದು ಬೆರಳೂ ಎತ್ಲಿಲ್ಲ. ಮುಖ ಆಚೆ ತಿರುಗಿಸ್ಕೊಂಡ್ಲು."

ಮೇಲೆ ಕೂತಾಗ ಧೈರ್ಯ ಬಂದಿತ್ತಂತೆ. ಇಂಥ ಗಾಡಿಯಲ್ಲಿ ಕೂತವನು ಒಂದೇ ಬೆರಳು ಎತ್ತಿದರೆ ಚೆನ್ನಾಗಿರಲ್ಲ ಅನಿಸಿತಂತೆ. ಎರಡು ವರ್ಷ ತಟ್ಟೆಯ ಅಂಚಿನ ಮೇಲೆ ಕಲಿತದ್ದನ್ನು ಆ ಒಂದು ಗಳಿಗೆಯಲ್ಲಿ ಖರ್ಚು ಮಾಡಿಬಿಟ್ಟಿದ್ದ. ನಾಳೆಯಿಂದ ಅವಳ ಮುಂದೆ ಹಾಯುವಾಗ ಏನು ಮಾಡಲಿ ಎಂದು ಕೇಳಿದ. ಒಂದು ಬೆರಳಿಗೆ ವಾಪಸು ಹೋದರೆ ಕೊಟ್ಟ ಮಾತು ಹಿಂತೆಗೆದುಕೊಂಡ ಹಾಗೆ, ಎರಡೇ ಎತ್ತುತ್ತಿದ್ದರೆ ಬೇಡವೆಂದವಳ ಬೆನ್ನು ಬಿದ್ದ ಹಾಗೆ.

"ಕೈ ಸ್ಟಿಯರಿಂಗ್ ಮೇಲಿಟ್ಟು ಗಾಡಿ ಓಡ್ಸು," ಎಂದೆ. ನನಗೆ ನೆಲ್ಡಾ ಮೇಲೆ ಎಂಥ ಸಿಟ್ಟು ಬಂತೆಂದರೆ ಆ ದಿನ ಬೋಲ್ಟೊಂದನ್ನು ಬಿಗಿಯುತ್ತ ಬಿಗಿಯುತ್ತ ಅದರ ತಲೆಯನ್ನೇ ಮುರಿದೆ. ಬೇಡದಿದ್ದರೆ ಬೇಡ, ಒಂದು ಬೆರಳು ಎತ್ತಲು ಏನು ಬಂದಿತ್ತು ರೋಗ? ನಾಯಿಗೂ ಎತ್ತುತ್ತೇವೆ.

ಭಾನುವಾರ ಇನ್ನೊಂದು ರಾಮಾಯಣ. ಪ್ರಾರ್ಥನೆ ಮುಗಿದು ಹೊರಗೆ ಬಂದರೆ ನೆಲ್ಡಾಳ ಕಾರು ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ. ನಾನು ಮುಂದೆ ಹೋಗುವಷ್ಟರಲ್ಲಿ ಹಾರ್ಲನ್ ಎಲ್ಲಿತ್ತೋ ಧೈರ್ಯ, ಪಿಕಪ್ಪನ್ನು ಅವಳ ಪಕ್ಕಕ್ಕೇ ತಂದು ನಿಲ್ಲಿಸಿದ. ಚರ್ಚಿಗೆಂದು ಒಳ್ಳೆಯ ಸ್ಕರ್ಟು ತೊಟ್ಟ ನೆಲ್ಡಾ ಕತ್ತೆತ್ತಿ ಬಾಗಿಲ ಹಿಡಿಯನ್ನು ನೋಡಿದಳು. ಅದು ಅವಳ ಮೂಗಿನ ಮಟ್ಟಕ್ಕಿತ್ತು. ಅಷ್ಟರಲ್ಲಿ ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಅವಳ ಕಾಲ ಬಳಿ ಇಳಿದು ಬಂತು.

"ಹತ್ತಿ," ಎಂದ ಹಾರ್ಲನ್. ಎರಡು ವರ್ಷದಲ್ಲಿ ಅವನು ಅವಳೊಡನೆ ಆಡಿದ ಮೊದಲನೆಯ ಮಾತು ಅದು.

ಇಡೀ ಚರ್ಚು ನಿಂತು ನೋಡುತ್ತಿತ್ತು. ನೆಲ್ಡಾಳ ಕಿವಿ ಕೆಂಪಾಯಿತು. "ಬೇಡ ಹಾರ್ಲನ್. ಈ ಬಟ್ಟೇಲಿ ಮರ ಹತ್ತೋಕಾಗಲ್ಲ," ಎಂದಳು.

ಕ್ಲೋವಿಸ್ ಕಾಯುತ್ತಿದ್ದವನ ಹಾಗೆ ತನ್ನ ತಗ್ಗು ಕಾರನ್ನು ಜಾರಿಸಿಕೊಂಡು ಬಂದ, ಇಳಿದು ಬಾಗಿಲು ತೆಗೆದು ಹಿಡಿದ. "ಬನ್ನಿ ನೆಲ್ಡಾ, ನನ್ ಗಾಡೀಲಿ ಮನುಷ್ಯರು ಕೂರ್ಬಹುದು," ಎಂದ. ಅವಳು ಕೂತಳು. ಹಾರ್ಲನ್ ಹಗ್ಗ ಎಳೆದು ಬುಟ್ಟಿಯನ್ನು ಮೇಲೆ ಸೇದಿಕೊಂಡ. ಅದು ಬಾಗಿಲಿಗೆ ಎರಡು ಸಲ ಡಬ್ ಡಬ್ ಎಂದು ಬಡಿಯಿತು. ಯಾರೋ ನಕ್ಕರು. ಯಾರೆಂದು ನೆನಪಿಟ್ಟುಕೊಂಡಿದ್ದೇನೆ.

ಸೋಮವಾರ ಬೆಳಿಗ್ಗೆ ನೆಲ್ಡಾ ಬ್ಯಾಟರಿ ಹಾಕಿಸಲು ಬಂದಳು. ನಾನು ಮುಖ ಊದಿಸಿಕೊಂಡೇ ಕೆಲಸ ಮಾಡಿದೆ. ಪಕ್ಕದಲ್ಲೇ ನಿಂತಿದ್ದ ಅವಳು ಕೇಳಿದಳು:

"ಯೂಲಾ, ನಿನ್ ತಮ್ಮನಿಗೆ ನನ್ ಮೇಲೇನು ಕೋಪ?"

"ಅವನಿಗಾ? ನಿಂಗೆ ಅವನ ಮೇಲೇನು ಕೋಪ ಅದನ್ನ ಹೇಳು ಮೊದ್ಲು."

"ಎರಡು ವರ್ಷ ದಿನಾ ಬೆರಳೆತ್ತೋನು, ಹೊಸ ಟೈರ್ ಬಂದ ದಿನದಿಂದ ನಿಲ್ಲಿಸ್ಬಿಟ್ಟ. ಒಂದು ಬೆರಳಿಗೂ ಲಾಯಕ್ಕಿಲ್ವಾ ನಾನು? ಊರೆಲ್ಲ ಅಂತಾ ಇದೆ, ಹಾರ್ಲನ್‌ಗೆ ಗಾಡಿ ಮೇಲೆ ಹೋಗಿದ್ದಲ್ಲ, ತಲೆ ಮೇಲೆ ಹೋಗಿದ್ದು ಅಂತ. ಆನೆ ಮೇಲೆ ಹೋಗೋನ ಹತ್ರ ಸುಣ್ಣ ಕೇಳ್ಬಾರ್ದು ಅಂತ ನಾನೂ ಸುಮ್ಮನಾದೆ."

"ನಿಲ್ಲಿಸ್ದ ಅಂತ ಯಾರು ಹೇಳಿದ್ರು? ಅವತ್ತು ಅವನು ಎತ್ತಿದಾನೆ. ನೀನೇ ಮುಖ ತಿರುಗಿಸ್ದೆ."

"ನನ್ ಆಣೆಗೂ ಎತ್ತಿಲ್ಲ. ನಾನು ಕಣ್ಣು ಬಿಟ್ಕೊಂಡು ನೋಡ್ದೆ. ಬರೀ ಟೈರು ಕಾಣ್ಸ್ತು, ಬಾಗಿಲು ಕಾಣ್ಸ್ತು, ಆಮೇಲೆ ಹಿಂದಿನ ದೀಪ ಕಾಣ್ಸ್ತು. ಆಗ ಮುಖ ತಿರುಗಿಸ್ದೆ."

ತಗ್ಗಿನಲ್ಲಿರುವ ಅವಳ ಜಗಲಿ ಕಣ್ಣ ಮುಂದೆ ಬಂತು. ಹಳೆಯ ಗಾಡಿಯ ಕಿಟಕಿಗೂ ಅವಳ ಕಣ್ಣಿಗೂ ಸರಿಸಮವಿತ್ತು. ಈಗ ಗಾಡಿ ಅಷ್ಟು ಮೇಲೆ, ಒಳಗೆ ಕೂತವನು ಮೊದಲೇ ಕುಳ್ಳ, ಸ್ಟಿಯರಿಂಗಿನ ಮೇಲಿನ ಅವನ ಕೈ ಬಾಗಿಲ ಅಂಚಿನ ಹಿಂದೆ ಎಲ್ಲೋ ಮುಳುಗಿಹೋಗಿತ್ತು. ಎರಡಲ್ಲ, ಹತ್ತು ಬೆರಳು ಎತ್ತಿದ್ದರೂ ಇವಳಿಗೆ ಕಾಣುತ್ತಿರಲಿಲ್ಲ. ಕೆಲಸ ಮಾಡಿದವಳು ನಾನು, ಗಾಡಿ ಎಲ್ಲಿಗೆ ತಾಗುತ್ತದೆ ಎಂದು ನೋಡಿದೆನೇ ಹೊರತು ಯಾರಿಗೆ ಕಾಣುತ್ತದೆ ಎಂದು ನೋಡಿರಲಿಲ್ಲ. ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

"ನೀನು ಎತ್ತರದ ಗಂಡಸೇ ಬೇಕು ಅಂದ್ಯಂತೆ," ಎಂದೆ.

"ಯಾರಂದಿದ್ದು?"

"ಕ್ಲೋವಿಸ್."

"ಅಯ್ಯೋ, ಅದು ಹೊಸ ಪಾಸ್ಟರ್ ವಿಷಯ ಕಣೆ. ಆ ಬೋಧನೆ ಕಟ್ಟೆ ಹಿಂದೆ ನಿಂತ್ರೆ ಬರೀ ಕೂದಲು ಕಾಣ್ಸುತ್ತೆ, ಅಲ್ಲಿ ನಿಲ್ಲೋ ಗಂಡಸು ಒಂಚೂರು ಎತ್ತರ ಇರ್ಬೇಕು ಅಂದೆ. ಕ್ಲೋವಿಸ್ ಪಕ್ಕದಲ್ಲೇ ಕೂತು ಪೈ ತಿಂತಿದ್ದ." ಹೇಳುತ್ತ ಹೇಳುತ್ತ ಅವಳಿಗೆ ಹೊಳೆಯಿತು. ಗೋಡೆಯ ಹತ್ತಿರ ಹೋಗಿ ಒರಗಿಸಿದ್ದ ಹಳೆಯ ಟೈರುಗಳನ್ನು ನೋಡಿದಳು, ಹಳದಿ ಕೋಳಿಯ ಮೇಲೆ ಕೈಯಾಡಿಸಿದಳು. "ಹಾಗಾದ್ರೆ ಅದಕ್ಕಾ ಗಾಡಿ ಎತ್ತರಿಸಿದ್ದು?"

"ಅದಕ್ಕೇ."

"ನಿಜವಾಗ್ಲೂ ಬೆರಳೆತ್ತಿದ್ನಾ?"

"ಎತ್ತಿದಾನೆ." ಎಷ್ಟು ಎಂದು ನಾನು ಹೇಳಲಿಲ್ಲ. ಅದು ಅವನ ಸ್ವತ್ತು, ಅವನೇ ಹೇಳಬೇಕು.

ನೆಲ್ಡಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಾಗಾದ್ರೆ ನನ್ನನ್ನೂ ಎತ್ತರಿಸು," ಎಂದಳು.

ಅಂದೇ ಮಧ್ಯಾಹ್ನ, ಹಾರ್ಲನ್ ಮಿಲ್ಲಿನಲ್ಲಿರುವಾಗ, ಅವನ ಹಳೆಯ ಟೈರುಗಳನ್ನೇ ಅವಳ ಜಗಲಿಗೆ ಹೊತ್ತುಕೊಂಡು ಹೋದೆ. ಎರಡರ ಮೇಲೆ ಎರಡರಂತೆ ಪಕ್ಕಪಕ್ಕ ಜೋಡಿಸಿ, ಮೇಲೆ ದಪ್ಪ ಹಲಗೆ ಹೊಡೆದು, ಅದರ ಮೇಲೆ ಕುರ್ಚಿ ಇಟ್ಟೆ. ಹಳದಿ ಕೋಳಿ ರಸ್ತೆಯ ಕಡೆಗೆ ಬರಬೇಕೆಂದು ಅವಳೇ ಹಟ ಹಿಡಿದಳು. ನೆಲ್ಡಾ ಅಡುಗೆಮನೆಯ ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ ಕೂತಳು. ತಲೆ ಜಗಲಿಯ ಮಾಡಿಗೆ ಗೇಣುದ್ದ ಬಾಕಿ, ತೂಗುಹಾಕಿದ ಜರೀಗಿಡದ ಎಲೆಗಳು ಕಿವಿಯ ಮೇಲೆ.

"ಹೇಗೆ ಕಾಣ್ತೀನಿ?"

"ಆರ್ಕನ್ಸಾದ ಮಹಾರಾಣಿ," ಎಂದೆ.

ಸಂಜೆ ಗ್ಯಾರೇಜಿಗೆ ಬಂದರೆ ಬಾಗಿಲಲ್ಲಿ ಪಿಕಪ್ಪು ನಿಂತಿತ್ತು, ಬುಟ್ಟಿಯ ಮೇಲೆ ಹಾರ್ಲನ್ ಕೂತಿದ್ದ. ನೆಲ್ಡಾಳ ಜಗಲಿ ತಪ್ಪಿಸಿ ಸುತ್ತುದಾರಿಯಲ್ಲಿ ಬಂದಿದ್ದ.

"ಇಳಿಸ್ಬಿಡು ಅಕ್ಕ. ಹಳೇ ಸ್ಪ್ರಿಂಗು, ಹಳೇ ಟೈರು, ಎಲ್ಲ ಮೊದಲಿನ ಹಾಗೆ."

"ಯಾಕೆ? ಕೆಸರು ಒಣಗ್ತಾ?"

"ನೆಲ್ಡಾ ಬೇಡ ಅಂದ್ಲಲ್ಲ, ಅದು ಮುಗೀತು. ಆದ್ರೆ ಆ ಹೆಂಗಸು ಕಷ್ಟದಲ್ಲಿ ನಿಂತಿದ್ದಾಗ ನನ್ ಗಾಡಿ ಹತ್ತೋಕಾಗ್ಲಿಲ್ಲ. ಇನ್ನೊಂದು ದಿನ ಹಾಗಾದ್ರೆ ಹತ್ತೋ ಹಾಗಿರ್ಲಿ. ಬೆರಳೆತ್ತದಿದ್ರೂ ಪರವಾಗಿಲ್ಲ."

ಆಗಲೇ ಹೇಳಿಬಿಡಬಹುದಿತ್ತು. ಅಲ್ಲಯ್ಯ ಮಂಕೆ, ಅವಳಿಗೆ ಕಂಡೇ ಇಲ್ಲ, ಈಗ ನಿನ್ನ ಟೈರಿನ ಮೇಲೇ ಹತ್ತಿ ಕೂತಿದ್ದಾಳೆ ಎಂದು ಬಾಯಿ ತುದಿಗೆ ಬಂದಿತ್ತು. ಆಮೇಲೆ ಯೋಚಿಸಿದೆ. ಹೇಳಿದರೆ ಏನಾಗುತ್ತದೆ? ಇವನು ಎತ್ತರದ ಗಾಡಿಯಲ್ಲಿ ಹೋಗುತ್ತಾನೆ, ಅವಳು ಎತ್ತರದ ಕುರ್ಚಿಯಲ್ಲಿ ಕೂರುತ್ತಾಳೆ. ಇವನು ಎರಡು ಎತ್ತುತ್ತಾನೆ, ಅವಳೂ ಎರಡು ಎತ್ತುತ್ತಾಳೆ. ಇಬ್ಬರೂ ಹಲ್ಲು ಕಿರಿದುಕೊಂಡು ಇನ್ನೂ ಹತ್ತು ವರ್ಷ ಹಾಗೇ ಹಾಯುತ್ತಿರುತ್ತಾರೆ. ಗಾಡಿ ನಿಲ್ಲುವುದು ಯಾವಾಗ?

"ಆಯ್ತು, ಇಳಿಸ್ತೀನಿ," ಎಂದೆ.

"ನನ್ ಹಳೇ ಟೈರೆಲ್ಲಿ? ಗೋಡೆ ಹತ್ರ ಕಾಣ್ತಿಲ್ಲ."

"ಒಳ್ಳೇ ಮನೆಗೆ ಹೋದ್ವು. ಬೇರೆ ಹಾಕ್ತೀನಿ, ಅದೇ ಅಳತೆ."

"ಹಳದಿ ಕೋಳಿದೂ ಹೋಯ್ತಾ?" ಎಂದು ಕೇಳಿ, ನಾನು ಹೌದೆಂದು ತಲೆಯಾಡಿಸಿದಾಗ ಮನೆಗೆ ನಡೆದುಕೊಂಡು ಹೋದ.

ಮಂಗಳವಾರ ಅವನನ್ನು ಮಿಲ್ಲಿನ ಗೆಳೆಯನೊಬ್ಬ ಬೇರೆ ದಾರಿಯಲ್ಲಿ ಕರೆದೊಯ್ದ. ನಾನು ಗಾಡಿಯ ಕೆಳಗೆ ಸೇರಿದೆ. ಹಾಕುವಾಗ ಆದದ್ದಕ್ಕಿಂತ ಕಳಚುವುದು ಸಲೀಸು, ಬೋಲ್ಟಿಗೆ ತುಕ್ಕು ಹಿಡಿಯಲು ಪುರುಸೊತ್ತೇ ಸಿಕ್ಕಿರಲಿಲ್ಲ. ಫೋನು ಬಂತು, ನೆಲ್ಡಾ.

"ಎತ್ತರದಲ್ಲಿ ಕೂತು ಕತ್ತು ನೋವಾಯ್ತು, ಅವನೇ ಬರ್ಲಿಲ್ಲ. ದಾರಿ ಬದಲಾಯಿಸಿದ್ನಾ? ನಾನು ನಗೆಪಾಟಲಾದ್ನಾ ಯೂಲಾ?"

"ನಾಳೆ ಕೂತ್ಕೋ. ಒಳ್ಳೇ ಚಪ್ಪಲಿ ಹಾಕ್ಕೋ."

"ಚಪ್ಪಲಿ ಯಾಕೆ?"

"ಹೇಳಿದಷ್ಟು ಮಾಡು."

ಫೋನು ಇಟ್ಟೆ, ಕ್ಲೋವಿಸ್ ಬಂದ. ಗಾಡಿ ಇಳಿಯುತ್ತಿರುವುದನ್ನು ನೋಡಿ ಹಲ್ಲು ಬಿಟ್ಟ. "ಏನು ಯೂಲಾ, ರಾಜಕುಮಾರ ಕುದುರೆ ಇಳಿದನಾ?"

"ಕ್ಲೋವಿಸ್, ನಿನ್ನೆ ನೆಲ್ಡಾ ಬಂದಿದ್ಲು. ನಿನ್ ಬಗ್ಗೆ ಹೇಳ್ತಿದ್ಲು. ಕ್ಲೋವಿಸ್ ಅಂದ್ರೆ…" ಎಂದು ಅಷ್ಟಕ್ಕೇ ನಿಲ್ಲಿಸಿ, ಗಾಡಿಯ ಕೆಳಗೆ ಜಾರಿ, ಸುತ್ತಿಗೆಯಿಂದ ಬಡಿಯಲು ಶುರುಮಾಡಿದೆ.

ಅವನ ಬೂಟುಗಳು ಬಹಳ ಹೊತ್ತು ಅಲ್ಲೇ ನಿಂತಿದ್ದವು. "ಅಂದ್ರೆ? ಏನಂದ್ಲು?"

"ಏನೋ ಅಂದ್ಲಪ್ಪ, ಮರ್ತೋಯ್ತು."

ಅರ್ಧ ಮಾತಿನ ರುಚಿ ಅವನಿಗೂ ಗೊತ್ತಾಗಲಿ. ಇವತ್ತಿಗೂ ಸಿಕ್ಕಾಗಲೆಲ್ಲ ಕೇಳುತ್ತಾನೆ, ಇವತ್ತಿಗೂ ನನಗೆ ನೆನಪಾಗಿಲ್ಲ.

ಬುಧವಾರ ಬೆಳಿಗ್ಗೆ ನನ್ನ ಗಾಡಿಯನ್ನು ನೆಲ್ಡಾಳ ಮನೆಯ ಹಿಂದೆ ಮರೆಮಾಡಿ, ಅವಳ ಅಡುಗೆಮನೆ ಸೇರಿಕೊಂಡೆ. ಹಲಗೆ ಗಟ್ಟಿ ಇದೆಯೋ ನೋಡಲು ಬಂದೆ ಎಂದು ಹೇಳಿದೆ. ಒಲೆಯ ಮೇಲೆ ಬಿಸಿ ಬಿಸ್ಕೆಟ್ ರೊಟ್ಟಿಯೂ ಗ್ರೇವಿಯೂ ಇತ್ತು, ಅದನ್ನೂ ನೋಡಿದೆ. ತಟ್ಟೆ ಹಿಡಿದು ಜಗಲಿಯ ಕಡೆಯ ಕಿಟಕಿಯ ಪರದೆಯ ಹಿಂದೆ ನಿಂತೆ. ನೆಲ್ಡಾ ಮೇಲೆ ಹತ್ತಿ ಕೂತಿದ್ದಳು, ಕಾಲಿಗೆ ಕೆಂಪು ಚಪ್ಪಲಿ. ಕಪ್ಪಿನ ಕಾಫಿ ಚೆಲ್ಲಿ ಹಲಗೆ ಒದ್ದೆಯಾಗಿತ್ತು.

ಗಾಡಿಯ ಸದ್ದು ಬಂತು. ತಿರುವು ದಾಟಿ ನೀಲಿ ಪಿಕಪ್ಪು ಕಾಣಿಸಿತು, ಹಳೆಯ ಎತ್ತರಕ್ಕೆ ಇಳಿದು, ತಗ್ಗಿ ಬಗ್ಗಿ ಬರುತ್ತಿತ್ತು. ನೆಲ್ಡಾ ಬೆರಳು ಸಿದ್ಧಮಾಡಿಕೊಂಡವಳು ಹಾಗೇ ಉಳಿದಳು. ಅವಳಿಗೆ ಈಗ ಗಾಡಿಯ ನೆತ್ತಿ ಬಿಟ್ಟರೆ ಬೇರೇನೂ ಕಾಣಲಿಲ್ಲ. "ಅಯ್ಯೋ ದೇವರೇ, ಎಲ್ಲಿ ಇವನು," ಎಂದು ಗೊಣಗಿ ಬಗ್ಗಿದಳು, ಜರೀಗಿಡ ಮುಖಕ್ಕೆ ಬಡಿಯಿತು.

ಹಾರ್ಲನ್‌ಗೆ ಏನು ಕಂಡಿತೆಂದು ಆಮೇಲೆ ಅವನೇ ಹೇಳಿದ. ನೋಡಬಾರದು ಎಂದುಕೊಂಡೇ ಜಗಲಿಯ ಕಡೆ ನೋಡಿದನಂತೆ. ದಿನಾ ಮುಖ ಕಾಣುವ ಕಡೆ ಎರಡು ಕೆಂಪು ಚಪ್ಪಲಿ ಕಂಡವಂತೆ. ಅದರ ಕೆಳಗೆ ಟೈರು. ಟೈರಿನ ಮೇಲೆ ಹಳದಿ ಕೋಳಿ.

ಬ್ರೇಕು ಕಿರ್ರೆಂದಿತು. ಗಾಡಿ ಜಲ್ಲಿಯ ಮೇಲೆ ಜಾರಿ ಅಡ್ಡವಾಗಿ ನಿಂತಿತು. ಹಾರ್ಲನ್ ಬಾಗಿಲು ತೆಗೆದು, ಬುಟ್ಟಿ ಗಿಟ್ಟಿ ಏನೂ ಇಲ್ಲದೆ, ಎರಡು ಕಾಲಿನ ಮೇಲೆ ಇಳಿದು, ಅಂಗಳ ದಾಟಿ, ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಬಂದು ನಿಂತ. ಎರಡು ವರ್ಷದಲ್ಲಿ ಆಗದ ಕೆಲಸ.

"ಅದು ನನ್ ಟೈರು," ಎಂದ.

"ಗೊತ್ತು," ಎಂದಳು ನೆಲ್ಡಾ ಮೇಲಿನಿಂದ.

"ಅದರ ಮೇಲೆ ಯಾಕೆ ಕೂತಿದೀರ?"

"ನಿನ್ ಕೈ ಕಾಣ್ಲಿ ಅಂತ. ಆ ದೊಡ್ಡ ಗಾಡೀಲಿ ನಿನ್ ಕೈಯೂ ಕಾಣಲ್ಲ, ಮುಖವೂ ಕಾಣಲ್ಲ. ಬೆರಳೆತ್ತೋದೇ ಬಿಟ್ಟ ಅಂದ್ಕೊಂಡೆ. ಇಲ್ಲ, ಅವತ್ತೂ ಎತ್ತಿದಾನೆ ಅಂದ್ಲು ನಿನ್ನಕ್ಕ. ಕಷ್ಟಪಟ್ಟು ಮೇಲೆ ಹತ್ತಿದ್ರೆ ನೀನು ಕೆಳಗೆ ಇಳಿದುಬಿಟ್ಟೆ."

"ನಿಮಗೆ ಹತ್ತೋಕಾಗ್ಲಿ ಅಂತ ಇಳಿಸ್ದೆ."

ಪರದೆಯ ಹಿಂದೆ ನಾನು ಅಗಿಯುವುದನ್ನು ನಿಲ್ಲಿಸಿದೆ.

"ಅವತ್ತು ನಂಗೆ ಕಾಣ್ಲಿಲ್ಲ," ಎಂದಳು ನೆಲ್ಡಾ. "ಈಗ ತೋರಿಸು. ಹೇಗೆ ಎತ್ತಿದ್ದೆ?"

ನನ್ನ ತಮ್ಮನಿಗೆ ಸ್ಟಿಯರಿಂಗು ಇಲ್ಲದೆ ಬೆರಳೆತ್ತಿ ಗೊತ್ತಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. ಕೊನೆಗೆ ಆ ಜಗಲಿಯ ಮೇಲೆ, ಗಾಳಿಯಲ್ಲಿ, ಇಲ್ಲದ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣು ಮುಚ್ಚಿದ. ಬಲಗೈಯ ತೋರುಬೆರಳು ಎದ್ದಿತು. ಆಮೇಲೆ, ನಿಧಾನಕ್ಕೆ, ಪಕ್ಕದ ಬೆರಳೂ ಎದ್ದಿತು.

ನಾನು ನೆಲ್ಡಾಳ ಬೆನ್ನನ್ನೇ ನೋಡುತ್ತಿದ್ದೆ. ಆ ಕ್ಷಣಕ್ಕೆ ನನಗೆ ನಿಜವಾಗಿ ಭಯವಾಯಿತು. ಬೇಡ ಅಂದುಬಿಟ್ಟರೆ? ನಾನು ಆಡಿದ ಆಟ ಇವನ ಎದೆ ಒಡೆದುಬಿಟ್ಟರೆ?

ಅವಳು ಕಾಫಿ ಕಪ್ಪನ್ನು ಜರೀಗಿಡದ ಕುಂಡದಲ್ಲಿ ಇಟ್ಟಳು. ಬಗ್ಗಿ, ಗಾಳಿಯಲ್ಲಿ ನಿಂತಿದ್ದ ಆ ಎರಡು ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದುಕೊಂಡಳು.

"ಇಳಿಸು ನನ್ನ," ಎಂದಳು. "ಒಬ್ಬಳೇ ಇಳಿಯೋಕೆ ಭಯ ಆಗ್ತದೆ."

ಹಾರ್ಲನ್ ಇಳಿಸಿಕೊಂಡ. ಅವಳ ಕೆಂಪು ಚಪ್ಪಲಿ ನೆಲ ಮುಟ್ಟಿದವು, ಅವಳ ಭಾರ ಅವನ ತೋಳಿನ ಮೇಲೆ ಕೂತಿತು. ಆಮೇಲೆ ಅವನು ಬಿಗಿಯಾಗಿ ಹಿಡಿದ.